ತಾತನ ಕೋಲಿನ ಹಿಡಿ

ಮನೆ, ಹಿಂದಿನ ಶೆಡ್ಡು
ಮಾರ್ಚ್ ೧೨, ಗುರುವಾರ

ಪ್ರೀತಿಯ ತಾತನಿಗೆ ನಮಸ್ಕಾರ.

ಸೊಂಟದ ನೋವು ಹೇಗಿದೆ? ನಿದ್ದೆ ಸರಿಯಾಗಿ ಬರುತ್ತಿದೆಯಾ? ಅತ್ತೆ ಫೋನಿನಲ್ಲಿ, "ಆಪರೇಷನ್ ಆಗಿ ನಾಲ್ಕು ತಿಂಗಳಾಯ್ತು. ಹೀಗೇ ಮಲಗಿದ್ರೆ ಇನ್ನು ನಡೆಯೋಕೇ ಆಗಲ್ಲ ಅಂತ ಡಾಕ್ಟರು ಬೈತಾರೆ. ನಿಮ್ಮ ತಾತ ‘ನನ್ನ ಕೋಲು ಬರ್ಲಿ’ ಅಂತ ಕೂತಿದ್ದಾರೆ" ಎಂದರು. ಆಸ್ಪತ್ರೆಯವರು ಕೊಟ್ಟ ಅಲ್ಯುಮಿನಿಯಂ ಕೋಲನ್ನು ನೀವು ಬಟ್ಟೆ ಒಣಗಿಸುವ ಕಡ್ಡಿ ಎಂದಿರಂತೆ. ಅಮ್ಮ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ, ಯಾಕೆಂದರೆ ಕೋಲು ಬರದಿರಲು ಕಾರಣ ನಾನು.

ನೀವು ಬಿದ್ದು ಆಸ್ಪತ್ರೆಗೆ, ಅಲ್ಲಿಂದ ಅತ್ತೆಯ ಮನೆಗೆ ಹೋದಾಗ ಕೋಲು ಇಲ್ಲೇ ಉಳಿಯಿತಲ್ಲ, ಶೆಡ್ಡಿನ ಬಾಗಿಲು ಬಡಿಯದಿರಲೆಂದು ಅದನ್ನು ಅಡ್ಡ ಕೊಟ್ಟು ಒದ್ದೆ ನೆಲದ ಮೇಲೆ ಬಿಟ್ಟೆ. ಆಮೇಲೆ ಮರೆತೆ. ಎತ್ತಿಕೊಂಡಾಗ ಹಿಡಿ ನೆನೆದ ಬ್ರೆಡ್ಡಿನ ಹಾಗೆ ಬೆರಳಿಗೆ ತಗ್ಗುತ್ತಿತ್ತು. ಮೊದಲೇ ಹುಳು ಹಿಡಿದಿತ್ತು ಎಂದು ಅಪ್ಪ ನನ್ನ ಪರವಾಗಿ ಹೇಳುತ್ತಾರೆ. ಹುಳು ತಿಂದದ್ದು ಸ್ವಲ್ಪ, ಕೊಳೆಸಿದ್ದು ನಾನು.

ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ನಾನು ಚಾಕುವಿನ ಹಿಡಿ ಮಾಡುವ ಮೇಸ್ತ್ರಿಯ ಹತ್ತಿರ ಹೋಗುತ್ತೇನಲ್ಲ, ಅವರು ದಾರಿ ತೋರಿಸಿದರು. ಮೆತ್ತಗಾದ ಮರಕ್ಕೆ ರೆಸಿನ್ ಎಂಬ ಅಂಟುದ್ರವ ಕುಡಿಸಿ ಬಿಸಿ ಮಾಡಿದರೆ ಕಲ್ಲಿನಂತಾಗುತ್ತದೆ. ರೆಸಿನ್ ತುಂಬುವ ಗಾಜಿನ ಜಾಡಿಯಲ್ಲಿ ಇಡೀ ಕೋಲು ಹಿಡಿಯದ್ದರಿಂದ ಹಿಡಿಯನ್ನು ಕುಯ್ದು ಬೇರೆ ಮಾಡಿದೆ. ಬೇಕರಿಯವರು ಎಸೆದ ಸಣ್ಣ ಓವನ್ನಿನಲ್ಲಿ ಒಣಗಿಸಿ, ಗಂಟೆಗೊಮ್ಮೆ ಅಮ್ಮನ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ತೂಕ ಇಳಿಯುವುದು ನಿಲ್ಲುವವರೆಗೆ ಒಳಗೆ ನೀರಿದೆ ಎಂದೇ ಅರ್ಥ. ಎರಡು ದಿನ ಹಿಡಿಯಿತು. ಆಮೇಲೆ ರೆಸಿನ್ನಿನಲ್ಲಿ ಮುಳುಗಿಸಿ ಪಂಪಿನಿಂದ ಜಾಡಿಯೊಳಗಿನ ಗಾಳಿ ಎಳೆದರೆ ಮರದಿಂದ ಗುಳ್ಳೆಗಳು ಬರತೊಡಗಿದವು, ಬರುತ್ತಲೇ ಇದ್ದವು. ನಾನು ಸ್ಟೂಲು ಬಿಟ್ಟು ಏಳಲಿಲ್ಲ. ಅಮ್ಮ ಇಣುಕಿ, "ಈ ಬುದ್ಧಿ ಪರೀಕ್ಷೆಗೆ ಕೂತಾಗ ಎಲ್ಲಿ ಹೋಗಿತ್ತೋ?" ಎಂದಳು.

ತಮಾಷೆಯೆಂದರೆ, ಪಂಪು ಓಡುವಾಗ ಮರ ಏನೂ ಕುಡಿಯುವುದಿಲ್ಲ, ಒಳಗಿನ ಗಾಳಿ ಬಿಡುತ್ತದೆ ಅಷ್ಟೆ. ಪಂಪು ನಿಲ್ಲಿಸಿ ಸುಮ್ಮನೆ ಬಿಟ್ಟಾಗಲೇ ಕುಡಿಯುವುದು. ಸುಮ್ಮನೆ ಬಿಡುವುದು ನನಗೆ ಎಷ್ಟು ಕಷ್ಟ ಎಂದು ನಿಮಗೆ ಗೊತ್ತು.

ಬಿಸಿ ಮಾಡಿ ತೆಗೆದಾಗ ನಿಮ್ಮ ಹೆಬ್ಬೆರಳು ಸವೆಸಿದ ಕುಳಿ ರೆಸಿನ್ ಗಟ್ಟಿಯಾಗಿ ತುಂಬಿಹೋಗಿತ್ತು. ಎಷ್ಟು ಆಳವಿತ್ತು ಎಂದು ಯಾರನ್ನು ಕೇಳಲಿ? ಮರದ ಬಣ್ಣ ಕಾಣುವವರೆಗೆ ಸ್ವಲ್ಪ ಸ್ವಲ್ಪವೇ ಕೆರೆದೆ. ಹಿಡಿಯನ್ನು ಕೋಲಿಗೆ ಜೋಡಿಸಿದ ಕಡೆ ಹಿತ್ತಾಳೆಯ ಬಳೆ ಹಾಕಿದ್ದೇನೆ. ಕೋಲನ್ನು ಈ ಕಾಗದದ ಜೊತೆಗೇ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಅಪ್ಪ ಈ ಕಾಗದ ಓದಿ ನೋಡಿಯೇ ಕಳಿಸಬೇಕು ಎಂದಿದ್ದಾರೆ, ಅದಕ್ಕೇ ಇಷ್ಟು ಚೆಂದದ ಅಕ್ಷರ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಮಾತ್ರೆಗಳನ್ನು ದಿಂಬಿನ ಕೆಳಗೆ ಬಚ್ಚಿಡಬೇಡಿ.

ನಿಮ್ಮ ಪಾದಗಳಿಗೆ ನಮಸ್ಕರಿಸುವ,
ನಿಮ್ಮ ತರಲೆ ಮೊಮ್ಮಗ

ವಿ.ಸೂ.: ಅಪ್ಪ ಓದಿ ಆಯಿತು. ಇದನ್ನು ಅಂಚೆ ಕೌಂಟರಿನ ಮುಂದೆ ನಿಂತು ಬರೆಯುತ್ತಿದ್ದೇನೆ. ಹಿಡಿ ಮಾತ್ರ ನಿಮ್ಮದು. ಬಳೆಯ ಕೆಳಗಿನ ಕೋಲು ಹೊಸದು. ಹಿಡಿಗಿಂತ ಮೊದಲು ಹಳೆಯದನ್ನು ಉದ್ದನೆಯ ಪೈಪಿನಲ್ಲಿಟ್ಟು ರೆಸಿನ್ ಕುಡಿಸಿದ್ದೆ. ಪೂರ್ತಿ ಒಣಗುವವರೆಗೆ ಕಾಯಲಿಲ್ಲ, ತೇವವಿದ್ದ ಕಡೆ ರೆಸಿನ್ ಹೋಗಲಿಲ್ಲ. ಮೊಣಕಾಲಿಗೆ ಒತ್ತಿದರೆ ಎರಡಾಯಿತು. "ಅವರಿಗೆ ಹೇಳ್ಬೇಡ, ಎದ್ದು ನಡೆದ್ರೆ ಸಾಕು" ಎಂದರು ಅಪ್ಪ. ಆದರೆ ನೀವು ಭಾರ ಹಾಕುವುದು ಅದರ ಮೇಲೆ ತಾನೆ? ಈ ಹೊಸ ಕೋಲು ನನ್ನ ಓದುವ ಮೇಜಿನ ಕಾಲು. ಒಂದು ವಾರ ಒಂಟಿಕಾಲಲ್ಲಿ ಅದನ್ನು ಊರಿಕೊಂಡು ಶೆಡ್ಡಿನಿಂದ ಅಡುಗೆಮನೆಗೆ ಓಡಾಡಿದ್ದೇನೆ, ಕಿರ್ ಎನ್ನಲಿಲ್ಲ. ಬೇಡವೆನಿಸಿದರೆ ಆ ಬಟ್ಟೆ ಒಣಗಿಸುವ ಕಡ್ಡಿ ಹಿಡಿದಾದರೂ ಏಳಿ ತಾತ.