ಕೈ ಎತ್ತದೆ ಹೋದವನಿಗೆ

ರಾಜೀವನಗರ, ಮೈಸೂರು
ಶನಿವಾರ, ೧೪ ಜೂನ್ ೨೦೨೫

ಪ್ರೀತಿಯ ತಮ್ಮ ಯೋಗಿಗೆ,

'ಕೆರೆಯ ಮೇಲೆ ಟಾಂಗಾ ಹೋಯ್ತು, ಕುದುರೆ ಮಾತ್ರ...' ಕುದುರೆ ಮಾತ್ರ ಏನಾಯಿತು? ದಡದಲ್ಲಿ ಉಳಿಯಿತೋ, ಮುಳುಗಿತೋ? ಬೆಳಗಿನಿಂದ ಯೋಚಿಸುತ್ತಿದ್ದೇನೆ, ನೆನಪಾಗುತ್ತಿಲ್ಲ. ಇಪ್ಪತ್ತೇಳು ವರ್ಷ ಕೇಳಿಸಿಕೊಂಡ ಹಾಡು! ಬಹುಶಃ ಒಂದೊಂದು ಸಲ ನೀನು ಒಂದೊಂದು ಹೇಳುತ್ತಿದ್ದೆ. ಅಲ್ಲ, ಕುದುರೆಯೇ ಇಲ್ಲದ ಮೇಲೆ ಅದು ಟಾಂಗಾ ಹೇಗಾಯಿತು? ಎಂ.ಎ. ಮಾಡಿ, ಇಷ್ಟು ವರ್ಷ ಕವಿತೆ ಓದಿಕೊಂಡು ಬಂದ ನನಗೆ ಅರ್ಥವಾಗದಿದ್ದರೆ ಹೋಗಲಿ, ಬರೆದವನಿಗಾದರೂ ಗೊತ್ತಿರಬೇಡವೇ?

ಇರಲಿ. ಆರೋಗ್ಯ ಹೇಗಿದೆ? ಗೋಕರ್ಣದಲ್ಲಿ ಮಳೆ ಹಿಡಿದಿರಬೇಕು. ನಿನ್ನ ಮೂಗು ಕಟ್ಟುವುದು ಕಡಿಮೆಯಾಯಿತೇ? ಹೋಗುವಾಗ ಔಷಧಿಯ ಡಬ್ಬಿ ಬಿಟ್ಟು ತಾಳದ ಚೀಲ ಹೊತ್ತುಕೊಂಡು ಹೋಗಿದ್ದೀಯ. ಫೋನನ್ನು ಆರಿಸಿಟ್ಟಿದ್ದೀಯ, ಆದ್ದರಿಂದ ನೀನು ಕಳಿಸಿದ ಕಾರ್ಡಿನ ವಿಳಾಸಕ್ಕೆ ಹಳೆಯ ಕಾಲದವಳಂತೆ ಕಾಗದ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಬಿಪಿ ಮಾತ್ರ ಭಾನುವಾರಗಳಲ್ಲಿ ಏರುತ್ತದೆ.

ಏಕೆಂದರೆ ನಿನ್ನ 'ತೇಲುವ ಟಾಂಗಾ' ಬ್ಯಾಂಡು ಇನ್ನೂ ನನ್ನ ಹಿತ್ತಲ ಶೆಡ್ಡಿನಲ್ಲೇ ತೇಲುತ್ತಿದೆ. ಯುಗಾದಿಯ ಹಿಂದಿನ ದಿನ ಮೇಟಗಳ್ಳಿಯ ಕಾರ್ಖಾನೆಯವರ ಸಭಾಂಗಣದಲ್ಲಿ ಹಾಡಿನ ಮಧ್ಯೆಯೇ ನೀನು ಗಿಟಾರನ್ನು ಕುರ್ಚಿಗೆ ಒರಗಿಸಿ ಹಿಂಬಾಗಿಲಿನಿಂದ ಹೋದೆಯಲ್ಲ, ಆಮೇಲೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಹಾಡು ಶುರು ಮಾಡಿದವನೇ ಕೈ ಎತ್ತಿ ಅದನ್ನು ಮುಗಿಸಬೇಕು, ಅವನು ಎತ್ತುವವರೆಗೆ ಉಳಿದವರು ಮುಗಿಸುವಂತಿಲ್ಲ ಎಂದು ನಿಯಮ ಮಾಡಿದವನು ನೀನೇ. ನೀನು ಕೈ ಎತ್ತದೆ ಹೋದೆ. ಅಲ್ಲಿಯವರು ದೀಪ ಆರಿಸಿ ಉಳಿದಿಬ್ಬರನ್ನು ಹೊರಗೆ ಕಳಿಸಿದರು, ಅಷ್ಟೆ. ಮಾರನೆಯ ದಿನ, ಯುಗಾದಿಯ ಹೋಳಿಗೆಯ ಹೊತ್ತಿಗೆ, ಪ್ರೇಮ್‌ಕುಮಾರ್ ಡ್ರಮ್ಮುಗಳನ್ನೂ ರಾಜೇಶ ಬೇಸ್ ಗಿಟಾರನ್ನೂ ತಂದು ಅದೇ ಹಾಡನ್ನು ನಿಂತಲ್ಲಿಂದ ಮುಂದುವರಿಸಿದರು. ಇಲ್ಲಿಗೆ ಹನ್ನೊಂದು ಭಾನುವಾರ. ಬೇರೆ ಹಾಡು ಶುರು ಮಾಡುವಂತಿಲ್ಲ, ಇದನ್ನು ಮುಗಿಸುವಂತಿಲ್ಲ. ಇಡೀ ಬೀದಿಗೆ ನಿಮ್ಮ ನಿಯಮ ಬಾಯಿಪಾಠವಾಗಿದೆ.

ನಿಮ್ಮ ಸಾಧನೆಯನ್ನು ಹತ್ತಿರದಿಂದ ನೋಡಿದವಳು ನಾನೊಬ್ಬಳೇ ಇರಬೇಕು. ಲಷ್ಕರ್ ಮೊಹಲ್ಲಾದ ಆ ಹಾಸಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಶುರುವಾದಾಗ ನಿನಗೆ ಹದಿನೆಂಟು ವರ್ಷ. ಸೈಕೆಡೆಲಿಕ್ ಅಂದರೇನಪ್ಪಾ ಎಂದು ಕೇಳಿದ್ದಕ್ಕೆ ರಾಜೇಶ, 'ಮನಸ್ಸು ಬಿಚ್ಕೊಳ್ಳೋದು ಅಕ್ಕಾ' ಎಂದಿದ್ದ. ಇಷ್ಟು ವರ್ಷಗಳಲ್ಲಿ ಬಿಚ್ಚಿಕೊಂಡಿದ್ದು ನನ್ನ ಶೆಡ್ಡಿನ ಶೀಟುಗಳು. ಗಣಪತಿ ಪೆಂಡಾಲಿನ ನಿಮ್ಮ ಮೊದಲ ಕಾರ್ಯಕ್ರಮದಲ್ಲಿ ಒಂದೇ ಹಾಡು ಐವತ್ತು ನಿಮಿಷ ಓಡಿತು. ವಿಸರ್ಜನೆಗೆ ಬಂದವರು ಕಾದು ಕಾದು, ನಿಮ್ಮನ್ನು ಅಲ್ಲೇ ಬಿಟ್ಟು ಗಣಪತಿಯನ್ನು ಮಾತ್ರ ಎತ್ತಿಕೊಂಡು ಹೋದರು. ಆಮೇಲೆ ಕ್ಯಾಸೆಟ್ಟು: ಒಂದು ಬದಿಗೆ ಹಾಡಿನ ಅರ್ಧ, ಇನ್ನೊಂದು ಬದಿಗೆ ಉಳಿದರ್ಧ. ಕ್ಯಾಸೆಟ್ ತಿರುಗಿಸುವಷ್ಟರಲ್ಲಿ ಕೇಳುವವರಿಗೆ ಬುದ್ಧಿ ಬರುತ್ತಿತ್ತು. ಸಿನಿಮಾದವರು ಬಂದು ನಾಲ್ಕು ನಿಮಿಷದ ಹಾಡು ಕೇಳಿದರು, ನೀವು ನಾಲ್ಕು ನಿಮಿಷ ಬರೀ ಶ್ರುತಿ ಮಾಡಿಕೊಂಡಿರಿ. ಹತ್ತು ವರ್ಷದ ಹಿಂದೆ ಜರ್ಮನಿಯ ಯಾರೋ ಇಂಟರ್‌ನೆಟ್ಟಿನಲ್ಲಿ ಕೇಳಿ ನಿಮ್ಮನ್ನು ಮೈಸೂರಿನ ಗುಪ್ತ ನಿಧಿ ಎಂದು ಬರೆದ. ನಿಧಿ ಗುಪ್ತವಾಗಿಯೇ ಇದ್ದಿದ್ದರೆ ಚೆನ್ನಾಗಿತ್ತು.

ಕವಿಯಾದವನಿಗೆ ಕೊನೆಯ ಸಾಲಿನ ಭಯವಿರಬೇಕು ಎಂದು ನಾನು ನಂಬಿದವಳು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದವನಿಗೆ ಹೇಳಲು ಏನೂ ಇರಲಿಲ್ಲವೆಂದೇ ಅರ್ಥ. ಈ ಮಾತಿಗೆ ನೀನು ನಕ್ಕು, 'ಕೊನೆ ಬಂದಾಗ ಬರ್ತದೆ ಬುಡಕ್ಕಾ, ಕೇಳೋ ತಾಳ್ಮೆ ಬೇಕು' ಎನ್ನುತ್ತಿದ್ದೆ. ನಿನ್ನ ತಾಳ್ಮೆಯನ್ನು ಮೇಟಗಳ್ಳಿಯಲ್ಲಿ ನೋಡಿದೆವಲ್ಲ. ಯಾರೋ ಹಿಂದಿನ ಸಾಲಿನಿಂದ 'ಸಾಕು ಬುಡ್ರಪ್ಪೋ, ಊಟ ಆರೋಯ್ತದೆ' ಎಂದು ಕೂಗಿದ. ಅಷ್ಟಕ್ಕೇ ಮುಗಿಯಿತು ನಿನ್ನ ಇಪ್ಪತ್ತೇಳು ವರ್ಷದ ತಪಸ್ಸು. ಎದ್ದು ಹೋದೆ. ಈ ಇಬ್ಬರು ಪೆದ್ದರನ್ನು ಮಾತ್ರ ಕೂರಿಸಿ ಹೋದೆ.

ಈಗ ವಿಷಯಕ್ಕೆ ಬರುತ್ತೇನೆ. ಪ್ರೇಮ್‌ಕುಮಾರನ ಬಲಗೈ ಬೆರಳುಗಳು ಜೋಮು ಹಿಡಿಯುತ್ತಿವೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯಂತೆ. ತಕ್ಷಣ ಬಾರಿಸುವುದನ್ನು ನಿಲ್ಲಿಸಿ ಆಪರೇಷನ್ ಮಾಡಿಸಿಕೊಳ್ಳದಿದ್ದರೆ ಹಿಡಿತವೇ ಹೋಗಿಬಿಡುತ್ತದೆ ಎಂದಿದ್ದಾರೆ ಡಾಕ್ಟರು. ಅವನು ಕೆಲಸ ಮಾಡುವುದೂ ಕೈಯಿಂದಲೇ, ಲೇತ್ ಮೆಷಿನ್ನಿನ ಮುಂದೆ. ಅವನ ಹೆಂಡತಿ ನಯನಾ ಬುಧವಾರ ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು. 'ಆ ಆಡು ಮುಗೀದೆ ಆಸ್ಪತ್ರೆ ಮೆಟ್ಲು ಅತ್ತಲ್ಲ ಅಂತವ್ರೆ ಅಕ್ಕಾ. ಯಾವ್ ದೇವ್ರ ಆಡಕ್ಕ ಅದು?' ಸಂಜೆ ಕರೆಸಿ ಪ್ರೇಮ್‌ಕುಮಾರನನ್ನೇ ಗದರಿಸಿದೆ. ಅವನು ಬಾಗಿದ ತಲೆ ಎತ್ತದೆ ಹೇಳಿದ್ದು ಇಷ್ಟು: 'ಮಧ್ಯದಲ್ಲಿ ಎದ್ದೋಗಕ್ಕೆ ನಾನೇನ್ ಯೋಗಿನಾ?'

ಆದ್ದರಿಂದ ನೀನು ಬಾ. ಬಂದು ಅರ್ಧ ನಿಮಿಷ ಕೈ ಎತ್ತಿ ಮತ್ತೆ ಹೋಗು, ನಾನು ತಡೆಯುವುದಿಲ್ಲ. ಅದೂ ಆಗದಿದ್ದರೆ ಒಂದು ಕಾರ್ಡಿನ ಮೇಲೆ 'ಮುಗಿಯಿತು' ಎಂದು ಬರೆದು ಕಳಿಸು. ಒಂದೇ ಒಂದು ಪದ. ಅಷ್ಟು ಚಿಕ್ಕದಾಗಿ ನೀನು ಇದುವರೆಗೆ ಏನನ್ನೂ ಬರೆದಿಲ್ಲ, ಪ್ರಯತ್ನಿಸಿ ನೋಡು.

ಇಲ್ಲಿ ಬೈದಿರುವುದೆಲ್ಲ ಬೈಗುಳವೇ, ಒಳಗೆ ಹಾರೈಕೆ ಹುಡುಕಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಳೆಯಲ್ಲಿ ನೆನೆಯಬೇಡ.

ನಿನ್ನ ಅಕ್ಕ,
ವಾಣಿ

ಮರೆಯುವ ಮುನ್ನ, ಸೋಮವಾರ ಬೆಳಿಗ್ಗೆ: ಶನಿವಾರ ಹೋಗುವಷ್ಟರಲ್ಲಿ ಅಂಚೆ ಕಚೇರಿ ಮುಚ್ಚಿತ್ತು, ಕಾಗದ ಮನೆಯಲ್ಲೇ ಉಳಿಯಿತು. ನಿನ್ನೆ ಪ್ರೇಮ್‌ಕುಮಾರ್ ನಾಲ್ಕು ಸಲ ಕೋಲು ಬೀಳಿಸಿದ. ಕೊನೆಗೆ ರಾಜೇಶ ಅದನ್ನು ಅವನ ಅಂಗೈಗೆ ಕರವಸ್ತ್ರದಿಂದ ಬಿಗಿದು ಕಟ್ಟಿದ. ನನ್ನಿಂದ ನೋಡಲಾಗಲಿಲ್ಲ. ಶೆಡ್ಡಿನೊಳಗೆ ಹೋಗಿ, ಯೋಗಿ ಯಾವುದೋ ಅಂಗಡಿಯಿಂದ ಫೋನ್ ಮಾಡಿದ್ದ, ತನ್ನ ಬದಲು ನೀನೇ ಕೈ ಎತ್ತು ಅಂದ ಎಂದು ಸುಳ್ಳು ಹೇಳಿದೆ. 'ಬೇರೇನಂದ ಅಕ್ಕಾ?' ಎಂದ ಪ್ರೇಮ್‌ಕುಮಾರ್. 'ಚೆನ್ನಾಗಿ ಬಾರಿಸ್ದೆ ಅಂತ ಹೇಳು ಅಂದ' ಎಂದೆ. ಕೈ ಎತ್ತಿದೆ. ಇಬ್ಬರೂ ಒಂದೇ ಪೆಟ್ಟಿಗೆ ನಿಲ್ಲಿಸಿದರು. ಎತ್ತಿದ ಕೈಯನ್ನು ಯಾವಾಗ ಇಳಿಸಬೇಕೆಂದು ನನಗೆ ತಿಳಿಯಲಿಲ್ಲ. ಇವತ್ತು ಬೆಳಿಗ್ಗೆ ಏಳಕ್ಕೇ ನಯನಾ ಅವನನ್ನು ಆಸ್ಪತ್ರೆಗೆ ಸೇರಿಸಿದ್ದಾಳೆ. ರಾಜೇಶ ಮುಂದಿನ ವಾರ ನಿನ್ನನ್ನು ನೋಡಲು ಅಲ್ಲಿಗೆ ಬರುತ್ತಾನೆ, ಖಂಡಿತ ಕೇಳುತ್ತಾನೆ. ಫೋನ್ ಮಾಡಿದ್ದೆ ಅನ್ನು. ಆ ಮಾತನ್ನೂ ಹೇಳಿದ್ದೆ ಅನ್ನು. ಇಷ್ಟು ಬರೆಯುವಾಗ ಎದುರುಮನೆಯ ಲಕ್ಷ್ಮಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಮುಚ್ಚಿದ ತಟ್ಟೆ. ನನ್ನನ್ನು ದಾಟಿ ಒಳಗೆ ಇಣುಕುತ್ತ ಅಂದರು: 'ಆಡು ನಿಂತಿದ್ದು ಕೇಳಿಸ್ತು ಕಣಮ್ಮ, ಯೋಗಿ ಬಂದ್ಬುಟ್ಟ ಅಂತ ಗೊತ್ತಾಯ್ತು. ಕರಿ ಅವನ್ನ, ಇಡ್ಲಿ ಆರೋಗೋದ್ರೊಳಗೆ ತಿನ್ಲಿ.'