ಒಂಬತ್ತಕ್ಕೆ ಆರಿಸಿದಿರಿ, ಹದಿನಾರಕ್ಕೆ ಕಳಿಸಿದಿರಿ

ಬಾಲ ಫುಟ್‌ಬಾಲ್ ತರಬೇತಿ ಕೇಂದ್ರದ ಮಾನ್ಯ ನಿರ್ದೇಶಕರೇ,

ಕಳೆದ ಸೋಮವಾರ ನಿಮ್ಮ ಕಚೇರಿಯಿಂದ ನಮ್ಮ ಮನೆಗೆ ಒಂದು ಪತ್ರ ಬಂದಿದೆ. ನನ್ನ ಒಂಬತ್ತು ವರ್ಷದ ಮಗಳು ನಿಮ್ಮ ಕೇಂದ್ರಕ್ಕೆ ಆಯ್ಕೆಯಾಗಿದ್ದಾಳೆ, 'ವಯಸ್ಸಿಗೆ ಮೀರಿದ ಹುಟ್ಟು ಪ್ರತಿಭೆ' ಅವಳಲ್ಲಿದೆ, ಶುಕ್ರವಾರದೊಳಗೆ ಒಪ್ಪಿಗೆಪತ್ರಕ್ಕೆ ಸಹಿ ಹಾಕಿ ಕಳಿಸಬೇಕು ಎಂದು ಅದರಲ್ಲಿದೆ. ಎಂಟು ವರ್ಷದ ಹಿಂದೆ ನನ್ನ ಮಗನ ಬಗ್ಗೆಯೂ ಇದೇ ಮಾತು ಬರೆದಿದ್ದಿರಿ. ಎಷ್ಟರ ಮಟ್ಟಿಗೆ ಇದೇ ಎಂದರೆ, ಈ ಸಲದ ಪತ್ರದ ಮೂರನೇ ಸಾಲಿನಲ್ಲಿ 'ನಿಮ್ಮ ಮಗ' ಎಂದೇ ಉಳಿದುಬಿಟ್ಟಿದೆ. ಆ ಮಗನನ್ನು ಹದಿನಾರಕ್ಕೆ ಮನೆಗೆ ಕಳಿಸಿದವರೂ ನೀವೇ. ಅವನು ಈಗ ನನ್ನ ಅಂಗಡಿಯಲ್ಲಿ ಕೂತು ಹರಿದ ಶೂಗಳಿಗೆ ಅಂಟು ಹಚ್ಚುತ್ತಾನೆ. ಒಂದು ಮನೆಯಿಂದ ಎರಡನೇ ಮಗುವನ್ನು ಕೇಳುವ ಮುಂಚೆ, ಮೊದಲನೆಯದಕ್ಕೆ ಏನಾಯಿತು ಎಂದು ಒಂದು ಮಾತು ಹೇಳುವ ಸೌಜನ್ಯ ನಿಮ್ಮ ಕಚೇರಿಯ ನಿಯಮಗಳಲ್ಲಿ ಇಲ್ಲವೇ?

ನಾನು ಶೂ ರಿಪೇರಿ ಮಾಡುವವನು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವಂಥ ಅಂಗಡಿ. ನಿಮ್ಮ ಕೇಂದ್ರದ ಮಕ್ಕಳ ಶೂಗಳು ಹದಿನೈದು ದಿನಕ್ಕೊಮ್ಮೆ ಚೀಲದಲ್ಲಿ ತುಂಬಿ ನನ್ನಲ್ಲಿಗೇ ಬರುತ್ತವೆ. ಬಿಟ್ಟುಕೊಂಡ ಅಟ್ಟೆ ಅಂಟಿಸಿ, ನೆಲ ಕಚ್ಚುವ ಸ್ಟಡ್ ಸವೆದಿದ್ದರೆ ಬದಲಿಸಿ ವಾಪಸು ಕಳಿಸುತ್ತೇನೆ. ಪ್ರತಿ ಜೊತೆಗೂ ಮಗುವಿನ ಕ್ರಮಸಂಖ್ಯೆಯ ಚೀಟಿ ಕಟ್ಟಿರುತ್ತದೆ. ಯಾವ ಮಗುವಿನ ಪಾದ ಯಾವ ವರ್ಷ ಎಷ್ಟು ಬೆಳೆಯಿತು, ಯಾರದ್ದು ಯಾವಾಗ ನಿಂತಿತು ಎನ್ನುವುದು ನನಗೆ ಗೊತ್ತಿರುವಷ್ಟು ನಿಮ್ಮ ಕಡತಗಳಿಗೆ ಗೊತ್ತಿರಲಾರದು. ಒಂದು ಸಂಖ್ಯೆಯ ಚೀಟಿ ಎರಡು ಸಲ ಬಾರದಿದ್ದರೆ ಆ ಮಗುವನ್ನು ಮನೆಗೆ ಕಳಿಸಿದಿರಿ ಎಂದು ತಿಳಿದುಕೊಳ್ಳುತ್ತೇನೆ. ಹಾಗಾಗಿ ಇದನ್ನು ಹೊಟ್ಟೆ ಉರಿದ ಅಪ್ಪನೊಬ್ಬನ ಪತ್ರವೆಂದು ಬದಿಗೆ ಸರಿಸಬೇಡಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸರಿಯೇ, ಆದರೆ ಪಾದದ ಅಳತೆ ತೆಗೆಯುವಾಗ ನಾನು ಯಾರನ್ನೂ ಮುದ್ದು ಮಾಡುವವನಲ್ಲ.

ನಿಮ್ಮ ಕಚೇರಿಯ ಗೋಡೆಯ ಮೇಲೆ 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂದು ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದೀರಿ. ಮಾತು ಚೆನ್ನಾಗಿದೆ. ಆದರೆ ಮೊಳಕೆಗೆ ಮೊಳಕೆ ಹೋಲಿಸಬೇಕಾದರೆ ಬೀಜಗಳನ್ನು ಒಂದೇ ದಿನ ಬಿತ್ತಿರಬೇಕಲ್ಲವೇ? ಜನವರಿಯಲ್ಲಿ ಹುಟ್ಟಿದ ಮಗುವನ್ನೂ ಡಿಸೆಂಬರಿನಲ್ಲಿ ಹುಟ್ಟಿದ ಮಗುವನ್ನೂ ಒಂದೇ ವಯಸ್ಸಿನವರೆಂದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತೀರಿ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ನಾಲ್ಕು ಬೆರಳಿನ ಎತ್ತರ, ಒಂದು ಹೆಜ್ಜೆಯ ವೇಗ. ಆ ನಾಲ್ಕು ಬೆರಳಿಗೆ ನೀವು ಪ್ರತಿಭೆ ಎಂದು ಹೆಸರಿಟ್ಟಿದ್ದೀರಿ. ನಿಮ್ಮ ಹಾಸ್ಟೆಲ್‌ನಲ್ಲಿ ಹೆಚ್ಚುಕಮ್ಮಿ ಎಲ್ಲರ ಹುಟ್ಟಿದ ದಿನವೂ ವರ್ಷದ ಮೊದಲ ಮೂರು ತಿಂಗಳಲ್ಲೇ ಮುಗಿದುಹೋಗುತ್ತಿತ್ತಂತೆ, ಆಮೇಲೆ ವರ್ಷವಿಡೀ ಕೇಕಿನ ಮುಖ ನೋಡುವಂತಿರಲಿಲ್ಲವಂತೆ. ಮಗ ಇದನ್ನು ತಮಾಷೆಯೆಂದು ಹೇಳುತ್ತಿದ್ದ, ನಾವೂ ನಕ್ಕಿದ್ದೆವು. ಅಷ್ಟು ಪಂಡಿತರಿರುವ ನಿಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ಇದು ವಿಚಿತ್ರ ಅನ್ನಿಸಲಿಲ್ಲವೇ?

ನನ್ನ ಮಗನೂ ಜನವರಿಯವನೇ. ಒಂಬತ್ತಕ್ಕೆ ಅವನಿಗೆ ಐದನೇ ನಂಬರಿನ ಶೂ. ಜೊತೆಯವರದ್ದು ಎರಡೋ ಮೂರೋ. ಮೈದಾನದಲ್ಲಿ ಅವನನ್ನು ಎಲ್ಲರೂ 'ಆನೆ' ಎಂದು ಕರೆಯುತ್ತಿದ್ದರು. ಚೆಂಡು ಸಿಕ್ಕಿದರೆ ನಾಲ್ಕು ಮಕ್ಕಳನ್ನು ಹೆಗಲಿನಲ್ಲೇ ತಳ್ಳಿಕೊಂಡು ಹೋಗಿ ಗೋಲು ಹೊಡೆಯುತ್ತಿದ್ದ. ನಿಮ್ಮ ತರಬೇತುದಾರರು ನನ್ನ ಬೆನ್ನು ತಟ್ಟಿ, "ಇವನಿಗೆ ಕಲಿಸೋಕೆ ಏನೂ ಇಲ್ಲ ಕಣ್ರೀ, ಬಾಲ್ ಕೊಟ್ಟು ನಡಿ ಅಂದ್ರೆ ಸಾಕು" ಎಂದರು. ನಾನು ಉಬ್ಬಿಹೋದೆ. ಅವರು ಆ ಮಾತಿಗೆ ಬದ್ಧರಾಗಿ ನಿಜಕ್ಕೂ ಏನೂ ಕಲಿಸಲಿಲ್ಲ ಎಂದು ತಿಳಿಯಲು ನನಗೆ ಐದು ವರ್ಷ ಬೇಕಾಯಿತು. ಸಣ್ಣ ಮಕ್ಕಳು ಏಟು ತಪ್ಪಿಸಿಕೊಳ್ಳಲು ತಿರುಗುವುದನ್ನು ಕಲಿತರು, ಚೆಂಡು ಬರುವ ಮೊದಲೇ ಅತ್ತಿತ್ತ ನೋಡಿಕೊಳ್ಳುವುದನ್ನು ಕಲಿತರು. ಆನೆಗೆ ಅದರ ಅಗತ್ಯವೇ ಬೀಳಲಿಲ್ಲ. ನಿಮಗೆ ಆ ವರ್ಷ ಕಪ್ ಬೇಕಿತ್ತು, ಅವನು ಗೆದ್ದುಕೊಟ್ಟ.

ಹದಿಮೂರಕ್ಕೆ ಅವನ ಪಾದ ಎಂಟನೇ ನಂಬರಿಗೆ ಬಂದು ನಿಂತಿತು. ಆರು ತಿಂಗಳಾದ ಮೇಲೆ ಅಳತೆ ನೋಡಿದೆ, ಅಷ್ಟೇ. ಒಂದು ವರ್ಷವಾದ ಮೇಲೆ ನೋಡಿದೆ, ಅಷ್ಟೇ. ಅಷ್ಟರಲ್ಲಿ ಚೀಲದೊಳಗಿನ ಉಳಿದ ಶೂಗಳು ಎಂಟು ದಾಟಿ ಒಂಬತ್ತಾದವು, ಕೆಲವು ಹತ್ತಾದವು. ಬೇಗ ಬೆಳೆದವನು ಬೇಗ ಬೆಳೆದು ಮುಗಿಸಿದ್ದ, ಅಷ್ಟೇ ಸಂಗತಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನನಗೆ ಆಗಲೇ ಎಲ್ಲಾ ಗೊತ್ತಾಗಿತ್ತು. ಆದರೂ ಬಾಯಿ ಬಿಡಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಹದಿನೈದು ತುಂಬುವ ಹೊತ್ತಿಗೆ ಅವನು ತಂಡದಲ್ಲೇ ಗಿಡ್ಡ, ಆದರೆ ಹೆಸರು ಮಾತ್ರ ಆನೆ ಎಂದೇ ಉಳಿದಿತ್ತು. ಈಗ ಹಾಗೆ ಕರೆಯುವಾಗ ಹುಡುಗರು ನಗುತ್ತಿದ್ದರು.

ಇನ್ನು ನನ್ನ ತಪ್ಪನ್ನೂ ಬರೆದುಬಿಡುತ್ತೇನೆ, ಪರರ ತಪ್ಪನ್ನಷ್ಟೇ ಎಣಿಸುವುದು ನಿಮ್ಮ ಕಚೇರಿಗಿರಲಿ. ವಾರ್ಷಿಕ ಪರೀಕ್ಷೆಯ ಪಂದ್ಯಗಳಿಗೆ ಒಂದು ವಾರವಿದೆ ಎನ್ನುವಾಗ ಮಗ ಅಂಗಡಿಗೆ ಬಂದು ಶೂ ತೆಗೆದು ಮುಂದಿಟ್ಟ. "ಅಪ್ಪಾ, ಹಿಮ್ಮಡಿ ಕೆಳಗೆ ಒಂದಿಂಚು ಚರ್ಮ ಹಾಕ್ಕೊಡು. ಬೇಲಿ ಹತ್ರ ಕೂತು ಅಂಕ ಹಾಕೋರಿಗೆ ಗೊತ್ತಾಗಲ್ಲ" ಎಂದ. ಬೇಡ ಎನ್ನಬೇಕಿತ್ತು. ಸ್ಟಡ್ ಇರುವ ಶೂವಿನಲ್ಲಿ ಹಿಮ್ಮಡಿ ಎತ್ತರಿಸಿದರೆ ಪಾದದ ಕೀಲು ನಿಲ್ಲುವುದಿಲ್ಲವೆಂದು ಈ ಕಸುಬು ಮಾಡುವ ಯಾರಿಗಾದರೂ ಗೊತ್ತು, ನನಗೂ ಗೊತ್ತಿತ್ತು. ನಾಲ್ಕು ಪದರ ಚರ್ಮ ಕತ್ತರಿಸಿ, ಅಂಚು ತೆಳುವಾಗಿ ಹೆರೆದು, ಒಳಗಿನ ಹಾಸು ಮೇಲೆ ಎಳೆದು ಮುಚ್ಚಿಕೊಟ್ಟೆ. ನನ್ನ ಜನ್ಮದಲ್ಲೇ ಅಷ್ಟು ನಾಜೂಕಿನ ಕೆಲಸ ಮಾಡಿರಲಿಲ್ಲ. ಮೂರನೇ ಪಂದ್ಯದಲ್ಲಿ ತಿರುಗುವಾಗ ಅವನ ಬಲಗಾಲು ಒಳಕ್ಕೆ ಮಡಚಿಕೊಂಡಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಯಾರೂ ನೋಡದ ಹಾಗೆ ನಾನೇ ಆ ಚರ್ಮ ಕಿತ್ತು ಜೇಬಿಗೆ ಹಾಕಿಕೊಂಡೆ. ನಿಮ್ಮ ವೈದ್ಯರು 'ಕೀಲು ದುರ್ಬಲ' ಎಂದು ಬರೆದರು. ಸುಳ್ಳು. ನನ್ನ ಮಗನ ಕೀಲು ಗಟ್ಟಿಯಾಗಿತ್ತು, ಅವನ ಅಪ್ಪನ ಎದೆ ಗಟ್ಟಿಯಿರಲಿಲ್ಲ.

ಚರ್ಮದ ವಿಷಯ ತಿಳಿದ ದಿನ ನನ್ನ ಹೆಂಡತಿ ಜಗಳವಾಡಲಿಲ್ಲ. "ನೀವೂ ಅವ್ರ ಹಾಗೇ ಅಳತೆಪಟ್ಟಿ ಹಿಡ್ಕೊಂಡೇ ಮಗನ್ನ ನೋಡಿದ್ರಲ್ಲ" ಎಂದಳು, ಎದ್ದು ಒಳಗೆ ಹೋದಳು.

ಐದು ತಿಂಗಳ ನಂತರ ನಮ್ಮನ್ನು ಕರೆಸಿದಿರಿ. ಏಳು ವರ್ಷ ನಿಮ್ಮಲ್ಲಿದ್ದ ಹುಡುಗನಿಗೆ ನೀವು ಕೊಟ್ಟ ಸಮಯ ಏಳು ನಿಮಿಷವೂ ಇರಲಿಲ್ಲ. 'ಬೆಳವಣಿಗೆ ನಿರೀಕ್ಷೆಯಂತೆ ಆಗಿಲ್ಲ' ಎಂಬ ಒಂದು ಸಾಲಿನ ಪತ್ರ ಕೊಟ್ಟಿರಿ. ಸ್ವಾಮಿ, ಬೆಳವಣಿಗೆ ನಿಮ್ಮ ನಿರೀಕ್ಷೆಗಿಂತ ಮೊದಲೇ ಆಗಿಹೋಗಿತ್ತು, ಅದನ್ನೇ ಅಲ್ಲವೇ ನೀವು ಮೆಚ್ಚಿ ಒಯ್ದದ್ದು? ಮಧ್ಯಾಹ್ನ ಎರಡಕ್ಕೆ ಶಾಲೆ ಬಿಡಿಸಿ ಮೈದಾನಕ್ಕೆ ಕರೆದೊಯ್ಯುತ್ತಿದ್ದಿರಿ. ಈಗ ಮತ್ತೆ ಶಾಲೆಗೆ ಹೋಗಿ ತನಗಿಂತ ಮೂರು ವರ್ಷ ಚಿಕ್ಕವರ ಪಕ್ಕ ಬೆಂಚಿನಲ್ಲಿ ಕೂರಬೇಕು ಎಂದರೆ ಅವನು ಒಪ್ಪುವುದಿಲ್ಲ. ಅಂಗಡಿಗೆ ನಿಮ್ಮ ಚೀಲ ಬಂದ ದಿನ ಹಿಂದಿನ ಮೂಲೆಗೆ ಹೋಗಿ ಚಪ್ಪಲಿ ಹೊಲಿಯುತ್ತಾನೆ. ನಿಮ್ಮ ಶೂಗಳನ್ನು ಅವನು ಮುಟ್ಟುವುದಿಲ್ಲ, ನಾನೂ ಕೊಡುವುದಿಲ್ಲ.

ಅವನ ಜೊತೆ ಸೇರಿದವರು ಇಪ್ಪತ್ತೆರಡು ಮಕ್ಕಳು. ಅದರಲ್ಲಿ ಇವತ್ತಿಗೂ ನನ್ನಲ್ಲಿಗೆ ಬರುವುದು ಎರಡೇ ಜೊತೆ ಶೂ. ಉಳಿದ ಇಪ್ಪತ್ತರ ಪ್ರತಿಭೆಯನ್ನು ಇಲಿ ತಿಂದಿತೇ? ಬೇಡವೆಂದು ತೆಗೆದುಹಾಕಿದವರ ಕತೆಯೂ ಕೇಳಿ. ಹನ್ನೊಂದಕ್ಕೇ ಸಣ್ಣವನೆಂದು ನೀವು ಕಳಿಸಿದ ಒಬ್ಬ ಹುಡುಗನಿದ್ದ, 'ಗುಬ್ಬಿ' ಎನ್ನುತ್ತಿದ್ದರು. ಚೆಂಡು ಅವನ ಕಾಲಿಗೆ ಹೊಲಿದ ಹಾಗೆ ಇರುತ್ತಿತ್ತು. ಕಳೆದ ತಿಂಗಳು ಅಂಗಡಿಗೆ ಬಂದಿದ್ದ. ಹತ್ತನೇ ನಂಬರಿನ ಶೂ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನಂತೆ. "ಆಡ್ತೀಯೇನಪ್ಪಾ?" ಎಂದೆ. "ಯಾರು ಕರೀತಾರೆ ಅಂಕಲ್, ಒಂದ್ಸಲ ಬೇಡ ಅಂದ್ಮೇಲೆ ಮುಗೀತಲ್ಲ" ಎಂದ. ನನ್ನ ಮಗ ಹಿಂದಿನ ಮೂಲೆಯಿಂದ ಎದ್ದು ಬಂದು ಅವನನ್ನು ನೋಡಿದ. ಅವನ ಶೂ ತಾನೇ ತೆಗೆದುಕೊಂಡು ಅಂಟು ಹಚ್ಚಲು ಕೂತ.

ಈಗ ಮಗಳ ವಿಷಯ. ಅವಳು ನವೆಂಬರಿನಲ್ಲಿ ಹುಟ್ಟಿದವಳು, ಓರಗೆಯವರಲ್ಲಿ ಎಲ್ಲರಿಗಿಂತ ಚಿಕ್ಕವಳು. ಹಾಗಿದ್ದೂ ನಿಮ್ಮ ಕಣ್ಣಿಗೆ ಬಿದ್ದದ್ದು ಹೇಗೆ ಎಂದು ನನಗೇ ಸೋಜಿಗವಾಗಿತ್ತು. ಪತ್ರ ಬಂದ ಸಂಜೆ ಗೊತ್ತಾಯಿತು. ಒಂದು ವರ್ಷದಿಂದ, ನಾನು ಅಂಟು, ಚರ್ಮ ತರಲು ಪೇಟೆಗೆ ಹೋದ ಹೊತ್ತಿನಲ್ಲಿ, ಅಣ್ಣ ಅವಳಿಗೆ ಓಣಿಯಲ್ಲಿ ಕಲಿಸುತ್ತಿದ್ದನಂತೆ. ಎಡಗಾಲಿನಲ್ಲಿ ಹೊಡೆಯುವುದು, ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ತಿರುಗಿ ನೋಡುವುದು, ದೊಡ್ಡವರ ಏಟಿನಿಂದ ನುಸುಳಿಕೊಳ್ಳುವುದು. ತನಗೆ ಯಾರೂ ಕಲಿಸದೆ ಬಿಟ್ಟದ್ದನ್ನೆಲ್ಲ ಒಂದೊಂದಾಗಿ ಹುಡುಕಿ ಅವಳಿಗೆ ಕೊಟ್ಟಿದ್ದಾನೆ. ಅದಕ್ಕೇ ನೀವು 'ಹುಟ್ಟು ಪ್ರತಿಭೆ' ಎಂದು ಬರೆದಿರುವುದು. "ಅಣ್ಣಂಗೆ ಎಲ್ಲಾ ಬರುತ್ತಲ್ಲಪ್ಪಾ, ಮತ್ತೆ ಅವನನ್ನ ಯಾಕೆ ಕಳಿಸಿದ್ರು?" ಎಂದು ಮಗಳು ಕೇಳಿದಳು. ಉತ್ತರ ನಿಮ್ಮ ಕಡತದಲ್ಲಿದ್ದರೆ ದಯವಿಟ್ಟು ಅವಳಿಗೇ ಬರೆಯಿರಿ.

ಸಹಿ ಹಾಕುವುದಿಲ್ಲ ಎಂದೇ ನಿರ್ಧರಿಸಿದ್ದೆ. ನಿನ್ನೆ ಅಂಗಡಿಯಲ್ಲಿ ಮಗ ಕೈಯಲ್ಲಿದ್ದ ಕೆಲಸ ಬಿಡದೆ ಹೇಳಿದ: "ಸಹಿ ಹಾಕಪ್ಪ. ಕಳಿಸ್ದೇ ಇದ್ರೆ, ತಾನು ಏನಾಗ್ಬಹುದಿತ್ತೋ ಅಂತ ಜೀವನಪೂರ್ತಿ ಯೋಚ್ನೆ ಮಾಡ್ತಾಳೆ. ನಂಗೆ ಆ ಕಾಟ ಇಲ್ಲ. ನಾನು ಏನೂ ಆಗಲ್ಲ ಅಂತ ಅವ್ರೇ ಬರ್ದು ಕೊಟ್ಟಿದ್ದಾರಲ್ಲ." ಹದಿನೇಳು ವರ್ಷದ ಹುಡುಗ ಇಷ್ಟು ಶಾಂತವಾಗಿ ಹೀಗೆ ಮಾತಾಡಬಾರದು, ನಿರ್ದೇಶಕರೇ. ನಾನು ಅಲ್ಲೇ ಅತ್ತುಬಿಟ್ಟೆ.

ಸಹಿ ಹಾಕಿದ್ದೇನೆ. ನನ್ನ ಮಗನ ಜಾಗ ವಾಪಸು ಕೊಡಿ ಎಂದು ಕೇಳುತ್ತಿಲ್ಲ, ಅದು ಮುಗಿದ ಕತೆ. ಹದಿನಾಲ್ಕು ತುಂಬುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಬಿಡಿಸಬೇಡಿ, ಮನೆಯಿಂದ ಒಯ್ಯಬೇಡಿ. ಬೇಡವೆಂದು ಕಳಿಸಿದವರನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಕರೆದು ನೋಡಿ. ಇಷ್ಟು ಕೇಳುತ್ತೇನೆ, ಇಷ್ಟನ್ನೂ ನೀವು ಮಾಡಲಾರಿರಿ ಎಂದು ಗೊತ್ತಿದ್ದೇ ಕೇಳುತ್ತೇನೆ. ಆದರೆ ಒಪ್ಪಿಗೆಪತ್ರದಲ್ಲಿ, ನನ್ನ ಸಹಿಯ ಮೇಲೆ, ನಿಮ್ಮ ಪರವಾಗಿ ಒಂದು ಸಾಲು ನಾನೇ ಸೇರಿಸಿದ್ದೇನೆ: 'ಈ ಮಗುವಿನ ಬಗ್ಗೆ ನಮ್ಮ ಅಂದಾಜು ತಪ್ಪಾಗಬಹುದು, ತಪ್ಪಾದರೆ ಅದು ನಮ್ಮ ತಪ್ಪು, ಮಗುವಿನದ್ದಲ್ಲ.' ಅದರ ಕೆಳಗೆ ನಿಮ್ಮ ಸಹಿಗೆ ಜಾಗ ಬಿಟ್ಟಿದ್ದೇನೆ. ಆ ಸಾಲು ನಿಯಮಕ್ಕೆ ವಿರುದ್ಧ ಎನ್ನಿಸಿದರೆ ಹೊಡೆದುಹಾಕಿ, ನಿಮಗೆ ಅಧಿಕಾರವಿದೆ. ಆದರೆ ನಿಮ್ಮ ಕೋಣೆಯಲ್ಲಿ ಕೂತು ಹೊಡೆದುಹಾಕಬೇಡಿ. ಅವಳನ್ನು ಎದುರಿಗೆ ಕೂರಿಸಿಕೊಂಡು, ಅವಳಿಗೆ ಓದಿ ಹೇಳಿ, ಆಮೇಲೆ ಆ ಸಾಲನ್ನು ಹೊಡೆದುಹಾಕಿ.

ಇಂತಿ,
ಒಂದೇ ಕಚೇರಿಗೆ ಎರಡನೇ ಮಗುವನ್ನೂ ಬರೆದುಕೊಟ್ಟ,
ಬಸ್ ನಿಲ್ದಾಣದ ಹಿಂದಿನ ಶೂ ರಿಪೇರಿಯವನು