ಇಳಿಜಾರಿನಲ್ಲಿ ನಿಂತ ಗಾಡಿ

ಭಾನುವಾರ, ಮಧ್ಯಾಹ್ನ

ಮುದ್ದಿನ ಪುಟ್ಟೀ,

ನಿನ್ನ ಕಾಗದ ತಲುಪಿತು. ನಿನ್ನಪ್ಪನಿಗೆ ಓದಿ ಹೇಳಿದವಳು ನಾನೇ. ಹಳೇ ಪಿಕಪ್ ಸುಮ್ಮನೆ ಡೀಸೆಲ್ ಕುಡಿಯುತ್ತಿದ್ದರೆ ಮಾರಿಬಿಡಿ, ಅಮ್ಮನಿಗೂ ಈ ವಯಸ್ಸಿನಲ್ಲಿ ಸ್ಟೀರಿಂಗ್ ಹಿಡಿಯುವ ಕಷ್ಟ ಬೇಡ ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ದನಿ ತಗ್ಗಿಸಿ ಓದಿದೆ. ಆದರೂ ನಮ್ಮ ಗಾಜಿನಂಗಡಿಯಲ್ಲಿ ಗಾಜು ಒರೆಸುತ್ತಿದ್ದ ನಿನ್ನಮ್ಮನ, ಅಂದರೆ ನನ್ನ ಅತ್ತಿಗೆಯ, ಕಿವಿಗೆ ಬಿತ್ತು. ಒರೆಸುವ ಬಟ್ಟೆಯ ಸದ್ದು ಕ್ಷಣ ಹೊತ್ತು ನಿಂತು ಮತ್ತೆ ಶುರುವಾಯಿತು. ಅಷ್ಟೆ.

ಅದಕ್ಕೇ ಈ ಕಾಗದ. ನಿನ್ನಮ್ಮ ತನ್ನ ಬಗ್ಗೆ ತಾನು ಹೇಳಿಕೊಳ್ಳುವವಳಲ್ಲ. ಫೋನಿನಲ್ಲಿ ನಾನು ಹೇಳಹೊರಟರೆ ಅಣ್ಣ ನಡುವೆ ಬಾಯಿ ಹಾಕುತ್ತಾನೆ. ಕಾಗದದಲ್ಲಾದರೆ ನನ್ನ ಮಾತು ತುಂಡರಿಸುವವರಿಲ್ಲ.

ಅಣ್ಣನ ಕಣ್ಣು ಮಂಜಾಗಿ, ಡಾಕ್ಟರು ಇನ್ನು ಗಾಡಿ ಓಡಿಸಕೂಡದು ಎಂದ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಬಾಡಿಗೆ ಗಾಡಿಯವರ ಕೈಗೆ ಕೊಟ್ಟರೆ ಕಿಟಕಿ ಗಾಜು ಊರು ಸೇರುವುದರೊಳಗೆ ಚೂರಾಗಿರುತ್ತದೆ. ಗಾಡಿ ನಿಂತರೆ ಅಂಗಡಿಯೂ ನಿಂತ ಹಾಗೇ. ಆಗ ಅತ್ತಿಗೆ ಯಾರನ್ನೂ ಕೇಳದೆ ಡ್ರೈವಿಂಗ್ ಶಾಲೆಗೆ ಸೇರಿಕೊಂಡಳು. ಲೈಸೆನ್ಸ್ ತಂದು ಮೇಜಿನ ಮೇಲಿಟ್ಟ ಮೇಲೆಯೇ ನಮಗೆ ಗೊತ್ತಾದದ್ದು. ಇಷ್ಟು ನಿನಗೂ ಗೊತ್ತು. ಗೊತ್ತಿಲ್ಲದ್ದು ಆಮೇಲಿನದು.

ಅವಳು ಓಡಿಸತೊಡಗಿದ ಮೇಲೆ ಗಾಡಿಯ ಮೈಲೇಜ್ ದಿನೇ ದಿನೇ ಇಳಿಯುತ್ತಾ ಬಂತು. ಟ್ಯಾಂಕ್ ತುಂಬಿಸಿದ್ದು ಎಲ್ಲಿ ಹೋಯಿತು ಎಂದು ಅಣ್ಣನ ಗೊಣಗಾಟ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾಳೆ ಎಂದು ಬಂದವರ ಮುಂದೆಲ್ಲ ಹೇಳಿದ. ಗ್ಯಾರೇಜಿನ ಮೆಕ್ಯಾನಿಕ್, ಅದೇ ನಾವು ದಾಡಿ ಅಂತ ಕರೆಯುವವನು, ಬಾನೆಟ್ ಎತ್ತಿ ನೋಡಿದ ಶಾಸ್ತ್ರ ಮಾಡಿ, "ಗಾಡಿಗೆ ವಯಸ್ಸಾಯ್ತು. ಅದರ ಮೇಲೆ ಓಡಿಸೋ ಕಾಲು ಬೇರೆ ಹೊಸದು," ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಅತ್ತಿಗೆ ಮಾತ್ರ, "ಇರಬಹುದು. ನೋಡೋಣ," ಎಂದಳು.

ನಾನಾಗಿದ್ದರೆ ಆ ಬೀಗದ ಕೈ ಅವರ ಮುಖಕ್ಕೆ ಎಸೆದು ಬರುತ್ತಿದ್ದೆ. ಅವಳು ನಿಜಕ್ಕೂ ನೋಡತೊಡಗಿದಳು, ಪುಟ್ಟೀ. ತನ್ನ ಕಾಲಿನದೇ ತಪ್ಪಿರಬಹುದು ಎನ್ನುವುದನ್ನೂ ಬಿಡದೆ.

ಅದೇ ಬಂಕಿನಲ್ಲಿ ಟ್ಯಾಂಕಿನ ಕತ್ತಿನವರೆಗೆ ತುಂಬಿಸುವುದು, ಅದೇ ದಾರಿಯಲ್ಲಿ ಹೋಗಿ ಬರುವುದು, ಮತ್ತೆ ತುಂಬಿಸಿ ಎಷ್ಟು ಹಿಡಿಯಿತು ಎಂದು ನೋಡುವುದು. ಪ್ರತಿ ಸಲಕ್ಕೂ ಒಂದನ್ನು ಮಾತ್ರ ಬದಲಾಯಿಸುತ್ತಿದ್ದಳು. ಮೊದಲು ಚಕ್ರಗಳ ಗಾಳಿ, ಆಮೇಲೆ ಧೂಳು ತುಂಬಿದ್ದ ಏರ್ ಫಿಲ್ಟರ್. ಎರಡರಿಂದಲೂ ಡೀಸೆಲ್ ಲೆಕ್ಕ ಹೆಚ್ಚೇನೂ ಬದಲಾಗಲಿಲ್ಲ. ನನಗೋ ಅವಸರ. ಎಲ್ಲ ಒಟ್ಟಿಗೆ ಮಾಡಿ ಮುಗಿಸಬಾರದೇ ಎಂದೆ.

"ಎಲ್ಲಾ ಒಟ್ಟಿಗೆ ಮಾಡಿದ್ರೆ ಯಾವುದು ಕೆಟ್ಟಿತ್ತು ಅಂತ ಹೇಗೆ ಗೊತ್ತಾಗುತ್ತೆ ಹೇಳು?"

ಎಲ್ಲಾದರೂ ಸೋರುತ್ತಿದೆಯೇನೋ ಎಂದು ಟ್ಯಾಂಕಿನ ಕೆಳಗೆ ಹಳೇ ಪೇಪರ್ ಹಾಸಿಟ್ಟಳು. ಬೆಳಿಗ್ಗೆ ನೋಡಿದರೆ ಅದರ ಮೇಲೆ ನಮ್ಮ ಬೀದಿಯ ಬೆಕ್ಕು ಮಲಗಿತ್ತು, ಡೀಸೆಲ್ಲಿನ ಒಂದು ಹನಿಯೂ ಇರಲಿಲ್ಲ. ಕೊನೆಗೆ ನನ್ನನ್ನು ಪಕ್ಕದ ಸೀಟಿಗೆ ಹತ್ತಿಸಿ, "ನನ್ನ ಕಾಲನ್ನೇ ನೋಡ್ತಾ ಕೂತಿರು. ಕ್ಲಚ್ ಮೇಲೆ ಇಟ್ಟರೆ ಹೇಳು, ಮುಲಾಜು ನೋಡಬೇಡ," ಎಂದಳು.

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ನಾವಿಬ್ಬರೂ ಓರಗೆಯವರಾಗಿ, ಅವಳನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ ಅನ್ನಿಸಿತು. ಕೈಯಲ್ಲಿ ಗಾಜು ಹಿಡಿದು ನಡೆಯುವಾಗ ಹೇಗೋ ಹಾಗೆಯೇ ಗಾಡಿ ಓಡಿಸುತ್ತಾಳೆ. ದೂರದಲ್ಲಿ ಸಿಗ್ನಲ್ ಕೆಂಪಾದರೆ ಇಲ್ಲೇ ಕಾಲು ಸಡಿಲಿಸುತ್ತಾಳೆ. ಹಿಂದೆ ಮರದ ಚೌಕಟ್ಟಿಗೆ ಒರಗಿಸಿ ಕಟ್ಟಿದ್ದ ಗಾಜುಗಳು ದಾರಿಯುದ್ದಕ್ಕೂ ಕಿಣ್ ಎನ್ನಲಿಲ್ಲ. ಅವಳ ಎಡಗಾಲು ಕ್ಲಚ್ಚಿನ ಹತ್ತಿರಕ್ಕೂ ಸುಮ್ಮಸುಮ್ಮನೆ ಸುಳಿಯಲಿಲ್ಲ. ಮನೆಗೆ ಬಂದು ಹಾಗೆಂದು ಸಾಕ್ಷಿ ಹೇಳಿದೆ. ಅಣ್ಣ, "ನಾದಿನಿ ಸಾಕ್ಷಿ ಹೇಳಿದ ಮೇಲೆ ಮುಗೀತು ಬಿಡು," ಎಂದು ತಮಾಷೆ ಮಾಡಿದ. ಅಷ್ಟರಲ್ಲಿ ಗಾಡಿ ಕೊಳ್ಳುವವನೊಬ್ಬ ಬಂದು ಸುತ್ತಲೂ ತಟ್ಟಿ ನೋಡಿಕೊಂಡು ಹೋಗಿದ್ದ. ನಿನ್ನ ಕಾಗದ ಬಂದದ್ದೂ ಆಗಲೇ.

ಮರುದಿನ ನೃತ್ಯಶಾಲೆಯೊಂದಕ್ಕೆ ಗೋಡೆಯಗಲದ ಕನ್ನಡಿ ಕೊಡಬೇಕಿತ್ತು. ಮೂವರೂ ಹೋದೆವು. ಆ ಬೀದಿ ಸ್ವಲ್ಪ ಇಳಿಜಾರು. ಕನ್ನಡಿ ಕೂರಿಸಿ ಹೊರಗೆ ಬಂದಾಗ ಅತ್ತಿಗೆ ಗಾಡಿ ಹತ್ತಿ ಹ್ಯಾಂಡ್ ಬ್ರೇಕ್ ಬಿಟ್ಟಳು, ಗೇರ್ ನ್ಯೂಟ್ರಲ್ಲಿಗೆ ತಂದಳು, ಬೀಗದ ಕೈಗೆ ಕೈ ಹಾಕಿದಳು. ಗಾಡಿ ನಿಂತಲ್ಲೇ ನಿಂತಿತ್ತು.

"ನೋಡಿದ್ರಾ ನನ್ನ ಗಾಡೀನ," ಎಂದ ಅಣ್ಣ ಹೆಮ್ಮೆಯಿಂದ. "ಬ್ರೇಕ್ ಇಲ್ಲದೇನೇ ಎಷ್ಟು ವಿಧೇಯವಾಗಿ ನಿಂತಿದೆ!"

ಅತ್ತಿಗೆಯ ಕೈ ಹಾಗೆಯೇ ನಿಂತಿತು. "ಇದು ಇಲ್ಲಿ ನಿಲ್ಲಬಾರದು ಕಣ್ರೀ," ಎಂದಳು ಮೆಲ್ಲಗೆ. "ಉರುಳಬೇಕು."

ನಮಗೆ ಅರ್ಥವಾಗಲಿಲ್ಲ. ಅವಳು ವಿವರಿಸುತ್ತಲೂ ಕೂರಲಿಲ್ಲ. ಸ್ವಲ್ಪ ದೂರ ಓಡಿಸಿ, ಬ್ರೇಕನ್ನು ಆದಷ್ಟು ಮುಟ್ಟದೆ, ಮೈದಾನದ ಪಕ್ಕ ನಿಲ್ಲಿಸಿ ಇಳಿದಳು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಒಂದೊಂದೇ ಚಕ್ರದ ಹತ್ತಿರ ಬಗ್ಗಿ ಕೈಯ ಹಿಂಬದಿ ಹಿಡಿದಳು. ಮುಂದಿನವೆರಡೂ ಬೆಚ್ಚಗೆ. ಹಿಂದಿನ ಒಂದು ಕೂಡ ಹಾಗೆಯೇ. ಇನ್ನೊಂದರ ಹತ್ತಿರ ಕೈ ಒಯ್ದವಳು ಥಟ್ಟನೆ ಹಿಂದೆಳೆದುಕೊಂಡಳು. ನನ್ನ ಬಾಟಲಿಯಿಂದ ನಾಲ್ಕು ಹನಿ ನೀರು ಚಿಮುಕಿಸಲು ಹೇಳಿದಳು. ಕಾದ ಕಾವಲಿಯ ಮೇಲೆ ಬಿದ್ದ ಹಾಗೆ ಚುಸ್ ಎಂದಿತು!

ಅಲ್ಲಿಂದ ನೇರ ಗ್ಯಾರೇಜಿಗೆ. ಆ ಚಕ್ರ ಬಿಚ್ಚಲು ಹೇಳಿ, ಅತ್ತಿಗೆ ದಾಡಿಯ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕೂತಳು. ಒಳಗೆ ನೋಡಿದ ದಾಡಿಯ ನಗು ಮಾಯವಾಯಿತು. "ಹ್ಯಾಂಡ್ ಬ್ರೇಕಿನ ತಂತಿ ತುಕ್ಕು ಹಿಡಿದುಬಿಟ್ಟಿದೆ. ವರ್ಷಗಟ್ಟಲೆ ಯಾರೂ ಎಳೆದೇ ಇಲ್ಲ. ಈಗ ಎಳೆದ್ರೆ ಬರುತ್ತೆ, ಬಿಟ್ರೆ ಪೂರ್ತಿ ವಾಪಸ್ ಹೋಗಲ್ಲ. ಬ್ರೇಕ್ ಹಿಡಿಸಿಕೊಂಡೇ ಓಡಾಡಿದೀರಿ ಇಷ್ಟು ದಿನ. ಡೀಸೆಲ್ ಇನ್ನೇನಾಗುತ್ತೆ?"

ಎಲ್ಲರೂ ಅಣ್ಣನ ಕಡೆ ತಿರುಗಿದೆವು. ಎಲ್ಲಿ ನಿಲ್ಲಿಸಿದರೂ ಚಕ್ರದಡಿ ಕಲ್ಲು ಇಡುವುದು, ಹ್ಯಾಂಡ್ ಬ್ರೇಕ್ ಮುಟ್ಟದಿರುವುದು, ಇದು ನಿನ್ನಪ್ಪನ ಹಳೇ ಚಾಳಿ. ಅತ್ತಿಗೆ ಶಾಲೆಯಲ್ಲಿ ಕಲಿಸಿದ ಹಾಗೆ, ಗಾಜು ಒಡೆದೀತೆಂಬ ಭಯದಿಂದ, ನಿಲ್ಲಿಸಿದಾಗೆಲ್ಲ ಗಟ್ಟಿಯಾಗಿ ಎಳೆಯುತ್ತಿದ್ದಳು. ಅವಳು ಬಂದ ಮೇಲೆಯೇ ಮೈಲೇಜ್ ಬಿದ್ದದ್ದು ಸುಳ್ಳಲ್ಲ ಪುಟ್ಟೀ. ಸರಿಯಾಗಿ ಓಡಿಸಿದ್ದಕ್ಕೆ ಬಿದ್ದದ್ದು!

ಚುಚ್ಚಿ ಆಡಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವ ಹೆಂಡತಿಗೆ ಸಿಕ್ಕೀತು? ನಾನು ಕಾಯುತ್ತಲೇ ಇದ್ದೆ. ಅತ್ತಿಗೆ ಕೈಗಂಟಿದ ಮಸಿ ಒರೆಸಿಕೊಂಡು, "ಹೊಸ ತಂತಿ ಹಾಕಿ. ಇನ್ನೊಂದು ಚಕ್ರದ್ದೂ ನೋಡಿಬಿಡಿ," ಎಂದಳು ದಾಡಿಗೆ. ಅಣ್ಣನಿಗೆ ಹೇಳಿದ್ದು, "ಬಿಸಿಲಲ್ಲಿ ನಿಲ್ಲಬೇಡಿ, ಕಣ್ಣು ಉರಿಯುತ್ತೆ," ಎಂದಷ್ಟೇ. ಅವಳ ಆ ಮಾತಿಗೆ ಅಣ್ಣ ಕರಗಿಹೋದ.

ಈಗ ಟ್ಯಾಂಕ್ ಮೊದಲಿನ ಹಾಗೇ ಬಾಳಿಕೆ ಬರುತ್ತಿದೆ. ನಿನ್ನೆ ಕೊಳ್ಳುವವನು ಮತ್ತೆ ಬಂದ. ಅಣ್ಣ ಅವನನ್ನು ಕೂರಿಸಿ, ಟೀ ಕುಡಿಸಿ, ಒಳಗಿದ್ದವಳಿಗೆ ಕೇಳುವಷ್ಟು ಗಟ್ಟಿಯಾಗಿ, "ಇಲ್ಲ ಸ್ವಾಮಿ, ಗಾಡಿ ಕೊಡಲ್ಲ. ನಮ್ಮ ಡ್ರೈವರಮ್ಮ ಒಪ್ಪಲ್ಲ," ಎಂದ.

ನಿನ್ನಮ್ಮನಿಗೆ ಒಂದು ಕಾಗದ ಬರಿ ಪುಟ್ಟೀ. ಮಾರುವ ಮಾತು ಅದರಲ್ಲಿರದಿರಲಿ.

ನಿನ್ನನ್ನು ಎತ್ತಿ ಆಡಿಸಿದ,
ಅತ್ತೆ

ಮರೆತಿದ್ದೆ: ಇದನ್ನು ಅಂಚೆ ಡಬ್ಬಿಯ ಪಕ್ಕ, ಪಿಕಪ್ಪಿನಲ್ಲೇ ಕೂತು ಮುಗಿಸುತ್ತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ಕ್ಷಮಿಸು, ಕಾಗದವನ್ನು ಸ್ಟೀರಿಂಗಿಗೆ ಒತ್ತಿಟ್ಟು ಬರೆಯುತ್ತಿದ್ದೇನೆ. ಅತ್ತಿಗೆ ಪಕ್ಕದ ಸೀಟಿನಲ್ಲಿ ಕೂತು ನನ್ನ ಕಾಲನ್ನೇ ನೋಡುತ್ತಿದ್ದಾಳೆ. ಮನೆಯಿಂದ ಇಲ್ಲಿಯವರೆಗೆ ಗಾಡಿ ಓಡಿಸಿದ್ದು ನಾನು.